ಒಲ್ಲದ ಬೆರಳು

ನೋಂದಣಿ ಕಚೇರಿಯ ಕೌಂಟರಿನ ಮೇಲಿದ್ದ ಗಾಜಿನ ಪರದೆಯಲ್ಲಿನ ಒಪ್ಪಿಗೆಯ ಬಟನ್ನನ್ನು ನೀಲಾ ಒತ್ತಿದಳು. ಪರದೆ ಒಂದು ಗಳಿಗೆ ಮಸುಕಾಗಿ ಆಮೇಲೆ ಕೆಂಪಗಾಯಿತು. ‘ಈ ಒಪ್ಪಿಗೆ ಸ್ವೀಕೃತವಾಗಿಲ್ಲ’ ಎಂಬ ಸಾಲು ಎಷ್ಟು ದೊಡ್ಡದಾಗಿ ಮೂಡಿತೆಂದರೆ ಹಿಂದಿನ ಬೆಂಚಿನಲ್ಲಿ ಕೂತವರೂ ಅದನ್ನು ಓದಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಬೆನ್ನ ಹಿಂದೆ ನಿಂತಿದ್ದ ಅಣ್ಣ ಮಹಾಂತೇಶ ಇನ್ನೊಮ್ಮೆ ಒತ್ತೆಂದ. ಗುಮಾಸ್ತ ತಲೆಯಾಡಿಸಿದ. ಒಮ್ಮೆ ತಿರಸ್ಕಾರವಾದರೆ ಮುಂದಿನ ತಿಂಗಳವರೆಗೆ ಆ ಹೆಸರಿಗೆ ಬಟನ್ ತೆರೆಯುವುದಿಲ್ಲ ಎಂದು ಹೇಳಿ ಹಿಂದಿನವರನ್ನು ಕರೆದ. ಮಹಾಂತೇಶ ಹುಬ್ಬಳ್ಳಿಯಲ್ಲಿ ಟೈಲ್ಸ್ ಅಂಗಡಿ ಇಟ್ಟು ಹೆಸರು ಮಾಡಿದ ಮನುಷ್ಯ. ಅಷ್ಟು ಜನರ ಎದುರು, ತಂಗಿಯನ್ನು ಬಲವಂತದಿಂದ ಕರೆತಂದವನೆಂದು ಒಂದು ಗಾಜಿನ ತುಂಡು ಸಾರಿಬಿಟ್ಟಿತ್ತು. ಅವನ ಕಿವಿಯ ತುದಿ ಕೆಂಪೇರಿತು.

ಸಾಕ್ಷಿಯಾಗಿ ಬಂದಿದ್ದ ನೀಲಾಳ ಅಕ್ಕ ದಾಕ್ಷಾಯಣಿ ಮಾತ್ರ ಒಳಗೊಳಗೇ ಹಿಗ್ಗಿದಳು. ಆ ಬಟನ್ನನ್ನು ಪರೀಕ್ಷೆ ಮಾಡಿ ಪಾಸು ಮಾಡಿದವಳು ಅವಳು.

ಹಳೇಹುಬ್ಬಳ್ಳಿಯ ಆ ಮನೆಯನ್ನು ಅಪ್ಪ ಉಯಿಲು ಬರೆಯದೆ ಬಿಟ್ಟುಹೋಗಿದ್ದ. ಮೂವರಿಗೂ ಸಮಪಾಲು. ದಾಕ್ಷಾಯಣಿಗೆ ನೌಕರಿಯಿತ್ತು, ವಿದ್ಯಾನಗರದಲ್ಲಿ ಬಾಡಿಗೆ ಮನೆಯಿತ್ತು, ಜಗಳ ಬೇಡವೆಂದು ಅವಳು ತನ್ನ ಹಕ್ಕನ್ನು ಹಿಂದೆಯೇ, ಈ ಬಟನ್ ಬರುವ ಮೊದಲೇ, ಕಾಗದದ ಮೇಲೆ ರುಜು ಹಾಕಿ ಬಿಟ್ಟುಕೊಟ್ಟಿದ್ದಳು. ಉಳಿದದ್ದು ನೀಲಾಳ ಪಾಲು; ಅದನ್ನೂ ಬಿಡಿಸಿಕೊಳ್ಳಲೆಂದೇ ಮಹಾಂತೇಶ ಅವಳನ್ನು ಕಚೇರಿಗೆ ಕರೆತಂದಿದ್ದ. ಗಂಡ ತೀರಿಕೊಂಡ ಮೇಲೆ ನೀಲಾ ಮಗಳು ವಚನಾಳನ್ನು ಕಟ್ಟಿಕೊಂಡು ಅಣ್ಣನ ಮನೆಯಲ್ಲೇ ಇದ್ದಳು. ಅಣ್ಣನ ಮನೆ ಎಂದು ಎಲ್ಲರೂ ಅನ್ನುತ್ತಿದ್ದರು, ನೀಲಾ ಕೂಡ.

ಕಾರಿನಲ್ಲಿ ಮನೆಗೆ ಬಂದರು. ಮನೆಯ ಮುಂದೆ ಇಳಿಯುವಾಗ ಮಹಾಂತೇಶ ದಾಕ್ಷಾಯಣಿಯ ಕಡೆ ತಿರುಗಿದ.

“ನಿನ್ನ ಬಟನ್ ನಾಕ್ ಮಂದ್ಯಾಗ ನನ್ನ ಕಳ್ಳನ್ನ ಮಾಡಿತು. ನಾ ಏನ್ ಅಕಿ ಕೈ ಹಿಡದು ಒತ್ತಿಸಿದ್ನೇನು?”

ಬಟನ್ ಯಾರನ್ನೂ ಕಳ್ಳ ಅನ್ನುವುದಿಲ್ಲ, ಒತ್ತಿದವರ ಮನಸ್ಸಿನಲ್ಲಿ ಇದ್ದದ್ದನ್ನು ಹೇಳುತ್ತದೆ ಅಷ್ಟೇ ಎಂದಳು ದಾಕ್ಷಾಯಣಿ. ಮಹಾಂತೇಶ ಕಾರಿನ ಬಾಗಿಲನ್ನು ಧಡಾರನೆ ಹಾಕಿದ. ನೀಲಾ ಆಗಲೇ ಒಳಗೆ ಹೋಗಿದ್ದಳು. ತಂಗಿಯ ಬೆನ್ನು ತಟ್ಟಿ ಬರಬೇಕೆಂದು ದಾಕ್ಷಾಯಣಿಗೆ ಅನ್ನಿಸಿತು. ಆದರೆ ಹೊತ್ತಾಗಿತ್ತು, ಆಟೋ ಹಿಡಿದು ಕಂಪನಿಗೆ ಹೋದಳು.

ಮೊಬೈಲಿನ ಆ್ಯಪ್ ಆಗಲಿ, ಕಚೇರಿಯ ಪರದೆಯಾಗಲಿ, ಇಡಿಯಾಗಿ ಹುಟ್ಟುವುದಿಲ್ಲ. ಬಟನ್, ಹೆಸರು ತುಂಬುವ ಚೌಕ, ಎಚ್ಚರಿಕೆಯ ಪಟ್ಟಿ ಹೀಗೆ ಬಿಡಿಬಿಡಿ ಕಾಂಪೊನೆಂಟುಗಳಾಗಿ ತಯಾರಾಗಿ ಆಮೇಲೆ ಜೋಡಣೆಯಾಗುತ್ತದೆ. ಒಂದೊಂದನ್ನೂ ಬೇರೆಯಾಗಿ ಇಟ್ಟುಕೊಂಡು, ಅದು ಎಷ್ಟು ಬಗೆಯಲ್ಲಿ ಕೆಡಬಹುದೋ ಅಷ್ಟೂ ಬಗೆಯಲ್ಲಿ ಕೆಡಿಸಿ ನೋಡುವುದು ದಾಕ್ಷಾಯಣಿಯ ಕೆಲಸ. ಗೋಕುಲ ರಸ್ತೆಯ ಆ ಕಂಪನಿಯಲ್ಲಿ ಅವಳ ಕೈಕೆಳಗೆ ಹತ್ತಾರು ಜನರಿದ್ದರು. ಅವಳು ಪಾಸು ಅನ್ನದೆ ಯಾವ ಬಟನ್ನೂ ಹೊರಗೆ ಹೋಗುತ್ತಿರಲಿಲ್ಲ.

‘ಸಮ್ಮತಿ’ ಎಂಬ ಈ ಬಟನ್ ಎಲ್ಲದರಂತಲ್ಲ. ಬೆರಳು ಮುಟ್ಟುವ ಮೊದಲೇ ಅದು ಬರುವ ದಾರಿಯನ್ನು ಗಾಜು ಅರಿಯುತ್ತಿತ್ತು. ಎಲ್ಲಿ ತಡೆಯಿತು, ಎಷ್ಟು ಭಾರ ಹಾಕಿತು, ತುದಿಯ ನಾಡಿ ಎಷ್ಟು ಬಡಿಯಿತು, ಚರ್ಮ ಎಷ್ಟು ಬೆವರಿತು, ಎಲ್ಲವನ್ನೂ ಕೂಡಿಸಿ ಕಣ್ಣುಮಿಟುಕಿಸುವಷ್ಟರಲ್ಲಿ ಒಂದು ತೀರ್ಮಾನಕ್ಕೆ ಬರುತ್ತಿತ್ತು. ಮನಸ್ಸಿದ್ದವರ ಬೆರಳು ನೇರ ಬಂದು ಹಗುರಾಗಿ ಒತ್ತುತ್ತದೆ. ಒಲ್ಲದ ಬೆರಳು ಗಾಜಿನಿಂದ ಕೂದಲೆಳೆಯಷ್ಟು ದೂರದಲ್ಲಿ ನಿಲ್ಲುತ್ತದೆ, ನಾಡಿ ಏರುತ್ತದೆ, ಆಮೇಲೆ ಜೋರಾಗಿ ಒತ್ತಿ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಹಕ್ಕು ಬಿಡುಗಡೆ ಪತ್ರ, ಮದುವೆ ನೋಂದಣಿ ಇಂಥವಕ್ಕೆ ಸರ್ಕಾರ ಇದನ್ನು ಕಡ್ಡಾಯ ಮಾಡಿತ್ತು. ಹೆಣ್ಣುಮಕ್ಕಳನ್ನು ಹೆದರಿಸಿ ರುಜು ಹಾಕಿಸಿಕೊಳ್ಳುವುದು ಇನ್ನು ಮುಂದೆ ಸಾಧ್ಯವಿಲ್ಲ ಎಂದು ಪತ್ರಿಕೆಗಳು ಬರೆದವು.

ಪರೀಕ್ಷೆಗೆಂದು ಕಾಲೇಜು ಹುಡುಗ ಹುಡುಗಿಯರನ್ನು ಕರೆಸಿದ್ದರು. ಮೊದಲು ಇಷ್ಟವಾದ ಮಾತಿಗೆ ಒತ್ತಬೇಕು. ಆಮೇಲೆ ಇಷ್ಟವಿಲ್ಲದ್ದಕ್ಕೆ: ಬರ್ಫದ ನೀರಿನಲ್ಲಿ ಕೈ ಅದ್ದಲು ಒಪ್ಪಿಗೆ, ಮಧ್ಯಾಹ್ನದ ಊಟ ಬಿಡಲು ಒಪ್ಪಿಗೆ, ಹಾಗಲಕಾಯಿ ರಸ ಕುಡಿಯಲು ಒಪ್ಪಿಗೆ. ಅವರು ನಗುತ್ತ, ಮುಖ ಕಿವುಚುತ್ತ ಒತ್ತಿ ಹೋದರು. ಇದರ ಜೊತೆಗೆ ಒಂದು ರಬ್ಬರ್ ಬೆರಳಿತ್ತು. ಒಳಗೆ ಬೆಚ್ಚನೆ ನೀರು ಹರಿದು ನಾಡಿಯಂತೆ ಮಿಡಿಯುತ್ತಿದ್ದ ಅದನ್ನು ಯಂತ್ರದ ತೋಳಿಗೆ ಕಟ್ಟಿ ಹಗಲಿಡೀ ಒತ್ತಿಸುತ್ತಿದ್ದರು. ಅದರಷ್ಟು ಸಮಾಧಾನದ ಬೆರಳು ಇನ್ನೊಂದಿರಲಿಲ್ಲ. ಹಾಗಾಗಿ ಶುದ್ಧ ಒಪ್ಪಿಗೆ ಅಂದರೆ ಹೀಗಿರಬೇಕು ಎಂದು ಅದರ ಒತ್ತು, ನಾಡಿಗಳಿಂದ ಮೂಡಿದ ಗ್ರಾಫಿನ ಗೆರೆಯನ್ನೇ ಅಳತೆಗೋಲು ಮಾಡಿಕೊಂಡಿದ್ದರು.

ಬಟನ್ ರೂಪಿಸಿದವನು ಶ್ರೀನಿಧಿ ಕಟ್ಟಿ, ದಾಕ್ಷಾಯಣಿಯ ಮೇಲಧಿಕಾರಿ. ನೀಲಾಳ ವಿಷಯ ಕೇಳಿ ಅವನಿಗೆ ಬಹಳ ಖುಷಿಯಾಯಿತು. ಮುಂದಿನ ವಾರ ಬೆಂಗಳೂರಿನ ಸಭೆಯಲ್ಲಿ, ನಮ್ಮ ಸಹೋದ್ಯೋಗಿಯ ತಂಗಿಯನ್ನೇ ನಮ್ಮ ಬಟನ್ ಕಾಪಾಡಿತು ಎಂದು ಹೇಳಿ ಚಪ್ಪಾಳೆ ಗಿಟ್ಟಿಸಿ ಬಂದ.

ಹಳೇಹುಬ್ಬಳ್ಳಿಯ ಮನೆಯಲ್ಲಿ ಆಗ ನಡೆಯುತ್ತಿದ್ದದ್ದು ದಾಕ್ಷಾಯಣಿಗೆ ಪೂರ್ತಿ ತಿಳಿದದ್ದು ಬಹಳ ತಡವಾಗಿ. ಯಾರೂ ನೀಲಾಳ ಮೇಲೆ ಕೈ ಮಾಡಲಿಲ್ಲ. ಅವಳೊಡನೆ ಮಾತು ನಿಲ್ಲಿಸಿದರು, ಅಷ್ಟೇ. ಮಹಾಂತೇಶನ ಹೆಂಡತಿ ಕಸ್ತೂರಿ ಮುಂಜಾನೆ ಚಹಾ ಸೋಸುವಾಗ ಒಂದು ಕಪ್ಪು ಕಡಿಮೆ ಇಡತೊಡಗಿದಳು. ನೀಲಾ ಅಡುಗೆಮನೆಗೆ ಬಂದರೆ ಕಸ್ತೂರಿ ಕೈಯಲ್ಲಿದ್ದದ್ದನ್ನು ಅಲ್ಲೇ ಇಟ್ಟು ಹೊರಗೆ ಹೋಗುತ್ತಿದ್ದಳು. ಏನಾದರೂ ಹೇಳಬೇಕಾದರೆ ವಚನಾಳ ಮೂಲಕ ಹೇಳಿಸುತ್ತಿದ್ದಳು. ಶಾಲೆಯಿಂದ ಬಂದ ಮಗುವಿಗೆ, ನಿಮ್ಮವ್ವ ಬೇರೆ ಮನೆ ನೋಡ್ಯಾಳೋ ಇಲ್ಲೋ ಕೇಳು ಎಂದು ದಿನಾ ಕೇಳಿಸುತ್ತಿದ್ದಳು. ಮಗು ದಿನಾ ಕೇಳುತ್ತಿತ್ತು.

ತಿಂಗಳು ತುಂಬಿದೊಡನೆ ಮಹಾಂತೇಶ ತಂಗಿಯನ್ನು ಮತ್ತೆ ಕಚೇರಿಗೆ ಕರೆದೊಯ್ದ. ಮತ್ತೆ ಕೆಂಪು. ಆಮೇಲೆ ನೀಲಾಳ ಕೋಣೆಯ ಬಲ್ಬು ಸುಟ್ಟುಹೋದರೂ ಯಾರೂ ಬದಲಿಸಲಿಲ್ಲ. ಅದರ ಮುಂದಿನ ತಿಂಗಳೂ ಕೆಂಪು.

ಊರಿನಲ್ಲಿ ಇಂಥವನು ಮಹಾಂತೇಶ ಒಬ್ಬನೇ ಆಗಿರಲಿಲ್ಲ. ಹಳೆ ಬಸ್ ನಿಲ್ದಾಣದ ಹಿಂದೆ ‘ಒಪ್ಪಿಗೆ ತರಬೇತಿ’ ಎಂಬ ಬೋರ್ಡು ಬಿತ್ತು. ಹೇಗೆ ಉಸಿರು ಬಿಡಬೇಕು, ಒತ್ತುವಾಗ ಏನನ್ನು ನೆನೆಯಬಾರದು ಎಂದು ಅಲ್ಲಿ ಹೇಳಿಕೊಡುತ್ತಿದ್ದರು. ಬಟನ್ನಿನ ನಕಲು ಇದ್ದ ಒಂದು ಆ್ಯಪ್ ಕೂಡ ಫೋನಿನಿಂದ ಫೋನಿಗೆ ಹರಿದಾಡಿತು. ಕಸ್ತೂರಿ ಅದನ್ನು ಒಂದು ಟ್ಯಾಬಿಗೆ ಹಾಕಿಸಿ ಅಡುಗೆಕಟ್ಟೆಯ ಮೇಲೆ ನಿಲ್ಲಿಸಿದಳು. ರೊಟ್ಟಿ ಬಡಿಯುವ ಮೊದಲು, ಬಡಿದಾದ ಮೇಲೆ ನೀಲಾ ಅದನ್ನು ಒತ್ತಬೇಕು. ಹಸಿರು ಬಂದ ದಿನ ಕಸ್ತೂರಿ ಅವಳೊಡನೆ ಎರಡು ಮಾತಾಡುತ್ತಿದ್ದಳು.

ಒಂದು ಭಾನುವಾರ ದಾಕ್ಷಾಯಣಿ ಹೋದಾಗ ಆ ಟ್ಯಾಬನ್ನು ಕಂಡಳು. ಇದೇನೆಂದು ಕೇಳಿದ್ದಕ್ಕೆ, ಹುಡುಗಿ ಆಟ ಆಡತಾಳ ಎಂದಳು ಕಸ್ತೂರಿ. ದಾಕ್ಷಾಯಣಿ ನಂಬಿದಳು. ತರಬೇತಿಯ ಬೋರ್ಡುಗಳ ಬಗ್ಗೆ ಅವಳಿಗೂ ಗೊತ್ತಿತ್ತು. ಆದರೆ ಕಲಿಸಿದ ಬೆರಳಿನ ನಾಡಿ ಸುಳ್ಳು ಹೇಳಲಾರದು ಎಂದು ಅವಳು ಶ್ರೀನಿಧಿ ಕಟ್ಟಿಗೆ ಬರೆದುಕೊಟ್ಟಿದ್ದಳು. ಪ್ರಯೋಗಾಲಯದಲ್ಲಿ ಅದು ನಿಜವೂ ಆಗಿತ್ತು.

ನಾಗರ ಪಂಚಮಿಗೆ ತವರಿಗೆ ಬಾ ಎಂದು ಅಣ್ಣನೇ ಫೋನು ಮಾಡಿದ. ಮನೆಗೆ ಹೋದರೆ ಎಲ್ಲರೂ ಹಸನ್ಮುಖರಾಗಿದ್ದರು. ಕಸ್ತೂರಿ ಶೇಂಗಾದ ಉಂಡಿ ತಂದಿಟ್ಟು, ಕೆಲಸ ಆತು ಎಂದಳು. ಹೋದ ವಾರ ನೀಲಾ ಒತ್ತಿದಳು, ಹಸಿರು ಬಂತು, ಪತ್ರ ನೋಂದಣಿಯಾಯಿತು. ಮಹಾಂತೇಶ ನಕ್ಕು, “ಈಗ ನಿನ್ನ ಬಟನ್ನ ಹೇಳೈತಿ ನೋಡು, ಅಕಿ ಮನಸಾರೆ ಕೊಟ್ಟಾಳ ಅಂತ” ಎಂದ.

ನೀಲಾ ಹಿತ್ತಲ ಬಾಗಿಲ ಹತ್ತಿರ ಕೂತಿದ್ದಳು. ಹೊಸ ಇಳಕಲ್ ಸೀರೆ ಉಟ್ಟಿದ್ದಳು. ದಾಕ್ಷಾಯಣಿ ಪಕ್ಕದಲ್ಲಿ ಕೂತು, ನಿನಗೆ ಕೊಡಲು ಮನಸ್ಸಿತ್ತೇನು ಎಂದು ಮೆಲ್ಲಗೆ ಕೇಳಿದಳು.

“ಹೂಂ.”

ಅಣ್ಣ ಬೈದನೇನು ಎಂದು ಕೇಳಿದಳು. ಅದಕ್ಕೂ ಹೂಂ. ಬೈಯಲಿಲ್ಲವೇನು ಎಂದರೆ ಹೂಂ. ನನ್ನ ಜೊತೆ ಬಂದಿರುತ್ತೀಯಾ ಎಂದರೆ ಹೂಂ, ಇಲ್ಲೇ ಇರುತ್ತೀಯಾ ಎಂದರೂ ಹೂಂ. ದಾಕ್ಷಾಯಣಿ ಅವಳ ಕೈ ಹಿಡಿದಳು. ಕೈ ಬೆವರಿರಲಿಲ್ಲ, ನಡುಗುತ್ತಿರಲಿಲ್ಲ. ಅದು ಹಿಡಿದ ಕಡೆ ಹಿಡಿದ ಹಾಗೆ ಇತ್ತು.

ಮರುದಿನ ಕಂಪನಿಯಲ್ಲಿ ಅವಳು ಮಾಡಬಾರದ ಕೆಲಸ ಮಾಡಿದಳು. ಎಲ್ಲ ಕಚೇರಿಗಳಿಂದ ಬೆರಳ ಗೆರೆಗಳು ಹೆಸರಿಲ್ಲದೆ ಕಂಪನಿಗೆ ಬರುತ್ತಿದ್ದವು. ಕಚೇರಿ ಮತ್ತು ದಿನ ಹಿಡಿದು ಹುಡುಕಿ ತಂಗಿಯದನ್ನು ತೆಗೆದಳು. ಮೊದಲ ಮೂರು ಗೆರೆಗಳು ಗುಡ್ಡ ಹತ್ತಿ ಇಳಿದಂತಿದ್ದವು. ನಾಲ್ಕನೆಯದು ನೀರು ನಿಂತಂತೆ ಸಪಾಟಾಗಿತ್ತು. ರಬ್ಬರ್ ಬೆರಳಿನ ಗೆರೆಯನ್ನು ಅದರ ಮೇಲೆ ಇಟ್ಟು ನೋಡಿದಳು. ಎರಡರ ನಡುವೆ ಬೆಳಕು ಹಾಯಲಿಲ್ಲ.

ಅವಳಿಗೆ ಆಗ ಅರ್ಥವಾಯಿತು. ಹಾಗಲಕಾಯಿ ರಸಕ್ಕೆ ಒಲ್ಲೆ ಅಂದ ಹುಡುಗರಿಗೆ ಸಂಜೆ ಮನೆಗೆ ಹೋಗುತ್ತೇವೆಂದು ಗೊತ್ತಿತ್ತು. ಅವರ ಒಲ್ಲೆಯಲ್ಲಿ ಬಲವಿತ್ತು. ಆ ಬಲ ಇರುವ ತನಕ ಮಾತ್ರ ಬಟನ್ನಿಗೆ ಅದು ಕಾಣುತ್ತಿತ್ತು. ಒಲ್ಲೆ ಅನ್ನುವುದನ್ನೇ ಒಳಗಿನಿಂದ ಕಿತ್ತುಹಾಕಿದರೆ ಉಳಿಯುವುದನ್ನು ಬಟನ್ ಶುದ್ಧ ಒಪ್ಪಿಗೆ ಎಂದು ಓದುತ್ತಿತ್ತು. ಮೊದಲ ಸಲದ ಕೆಂಪು, ಹಿಂದೆ ನಿಂತವರಿಗೆ ಕೆಲಸ ಎಷ್ಟು ಬಾಕಿ ಇದೆ ಎಂದು ತೋರಿಸಿಕೊಟ್ಟಿತ್ತು. ಬಟನ್ನನ್ನು ಸಾವಿರ ಬಗೆಯಲ್ಲಿ ಪರೀಕ್ಷಿಸಿದ್ದ ಅವಳು, ಒತ್ತುವವರ ಹಿಂದೆ ಯಾರು ನಿಂತಿರುತ್ತಾರೆ ಎಂಬುದನ್ನು ಪರೀಕ್ಷಿಸಿರಲಿಲ್ಲ.

ಅವಳು ತಂದು ತೋರಿಸಿದ ಎರಡು ಗೆರೆಗಳನ್ನೂ ಶ್ರೀನಿಧಿ ಕಟ್ಟಿ ನೋಡಿ ಕುರ್ಚಿಗೆ ಒರಗಿದ. ಒಪ್ಪಿಕೊಳ್ಳುವುದನ್ನು ಕಲಿತರೆ ಅದೂ ಒಪ್ಪಿಗೆಯೇ ಅಲ್ಲವೇ, ನಿಮ್ಮ ತಂಗಿ ಮನಸ್ಸು ಬದಲಿಸಿರಬಹುದಲ್ಲ ಎಂದ. ದಾಕ್ಷಾಯಣಿ ಅಲ್ಲವೆಂದಳು. ಆಗ ಅವನ ದನಿ ಬದಲಾಯಿತು.

“ನೋಡ್ರಿ, ಮತ್ತೊಮ್ಮೆ ಮಾಡಿ ತೋರಿಸ್ಲಿಕ್ಕೆ ಬರದ ದೋಷ, ಬಗ್ ಅಲ್ಲ. ಇದು ನಿಮಗೇ ಗೊತ್ತದ. ಮತ್ತ ಸರ್ಕಾರದ ಗೆರಿ ತಗದು ಮನಿ ಮಂದೀದು ಹುಡುಕೀರಿ. ಇದಕ್ಕ ನಿಮ್ಮನ್ನ ಇವತ್ತ ಮನಿಗೆ ಕಳಸಬಹುದು.”

ಅವನು ಅವತ್ತೇ ಕಳಿಸಲಿಲ್ಲ. ಅವಳನ್ನು ಸಮ್ಮತಿಯ ಕೆಲಸದಿಂದ ತೆಗೆದು, ಯಾವುದೋ ಬಸ್ ಟಿಕೆಟ್ ಆ್ಯಪಿನ ಚೌಕಗಳನ್ನು ನೋಡಲು ಹಚ್ಚಿದ. ಕೈಕೆಳಗಿನ ಹುಡುಗರು ಊಟಕ್ಕೆ ಕರೆಯುವುದನ್ನು ಬಿಟ್ಟರು. ದಾಕ್ಷಾಯಣಿ ನೋಂದಣಿ ಇಲಾಖೆಗೆ ನೇರ ದೂರು ಕೊಟ್ಟಳು. ಅದು ಗೊತ್ತಾದ ಮೇಲೆ ಕಟ್ಟಿ, ಕಾರಿಡಾರಿನಲ್ಲಿ ಎದುರಾದರೆ ಗೋಡೆ ನೋಡಿ ಹೋಗುತ್ತಿದ್ದ.

ಕೊನೆಗೆ ಇಲಾಖೆಯಿಂದ ಲೀಲಾವತಿ ನಾಡಗೌಡ ಎಂಬ ಹಿರಿಯ ಅಧಿಕಾರಿ ಕಂಪನಿಗೆ ಬಂದರು. ದೂರಿನಲ್ಲಿ ಹೇಳಿದ್ದನ್ನು ಕಣ್ಣೆದುರು ತೋರಿಸಿ, ತೋರಿಸಲಾಗದಿದ್ದರೆ ವಿಷಯ ಅಲ್ಲಿಗೆ ಮುಗಿಯುತ್ತದೆ ಎಂದು ಮೊದಲೇ ತಿಳಿಸಿದ್ದರು.

ಆ ಮುಂಜಾನೆ ದಾಕ್ಷಾಯಣಿ ಅಣ್ಣನ ಮನೆಗೆ ಹೋಗಿ ನೀಲಾಳನ್ನು, ಸ್ವಲ್ಪ ಕೆಲಸವಿದೆ, ನನ್ನ ಜೊತೆ ಬಾ ಎಂದು ಕರೆದಳು. ಏನು ಕೆಲಸವೆಂದು ಹೇಳಲಿಲ್ಲ. ಹೇಳಿದರೆ ಪರೀಕ್ಷೆ ಕೆಡುತ್ತದೆ ಎಂದುಕೊಂಡಳು. ನೀಲಾ ಹೂಂ ಎಂದು ಚಪ್ಪಲಿ ಮೆಟ್ಟಿಕೊಂಡಳು.

ಸಭೆಯ ಕೋಣೆಯಲ್ಲಿ ಉದ್ದ ಮೇಜು, ಮೇಜಿನ ಮೇಲೆ ನೋಂದಣಿ ಕಚೇರಿಯಲ್ಲಿದ್ದಂಥದೇ ಪರದೆ. ಒಂದು ಬದಿಗೆ ಕಟ್ಟಿ ಮತ್ತು ಕಂಪನಿಯ ವಕೀಲ, ಇನ್ನೊಂದು ಬದಿಗೆ ನಾಡಗೌಡರು. ದಾಕ್ಷಾಯಣಿ ಪರದೆಯ ಮೇಲೆ ಒಂದು ವಾಕ್ಯ ಟೈಪು ಮಾಡಿ, ತಂಗಿಯ ಕಡೆ ತಿರುಗಿಸಿ, ಒತ್ತು ಎಂದಳು.

ನೀಲಾ ಓದಲಿಲ್ಲ. ಬೆರಳು ಚಾಚಿ ಒತ್ತಿದಳು. ಪರದೆ ಮಸುಕಾಗಿ, ಹಸಿರಾಯಿತು.

ನಾಡಗೌಡರು ಕನ್ನಡಕ ಸರಿಮಾಡಿಕೊಂಡು ಆ ವಾಕ್ಯವನ್ನು ಗಟ್ಟಿಯಾಗಿ ಓದಿದರು. “ನನ್ನ ಮಗಳು ವಚನಾಳನ್ನು ಯಾರಿಗಾದರೂ ಕೊಟ್ಟುಬಿಡಲು, ಮತ್ತೆಂದೂ ಅವಳ ಮುಖ ನೋಡದಿರಲು ನನಗೆ ಸಂಪೂರ್ಣ ಒಪ್ಪಿಗೆ ಇದೆ.”

ವಕೀಲ ಮೊದಲು ಬಾಯಿ ತೆರೆದು, ಬಳಕೆದಾರರು ಓದದೆ ಒತ್ತಿದರೆ ಅದು ಬಟನ್ನಿನ ದೋಷವಲ್ಲ ಎಂದ. ನಾಡಗೌಡರು ಅವನ ಕಡೆ ನೋಡಲಿಲ್ಲ. ಅವರು ನೋಡುತ್ತಿದ್ದದ್ದು ನೀಲಾಳನ್ನು. ಮಗಳ ಹೆಸರು ಕಿವಿಗೆ ಬಿದ್ದಾಗ ನೀಲಾ ತಲೆ ಎತ್ತಿದ್ದಳು. ಪರದೆಯನ್ನು ತನ್ನ ಕಡೆ ಎಳೆದುಕೊಂಡು ಒಂದೊಂದೇ ಅಕ್ಷರ ಓದಿದಳು. ಓದುತ್ತ ಓದುತ್ತ ಅವಳ ಉಸಿರು ಕೇಳಿಸುವಷ್ಟು ಜೋರಾಯಿತು. ಅಳಿಸಲೆಂದು ಹಸಿರು ಪರದೆಯನ್ನು ಅಂಗೈಯಿಂದ ಉಜ್ಜಿದಳು, ಮತ್ತೆ ಮತ್ತೆ ಉಜ್ಜಿದಳು. ಅಳಿಯಲಿಲ್ಲ. ದಾಕ್ಷಾಯಣಿ ಅವಳ ಭುಜ ಮುಟ್ಟಿ, ಇದು ಸುಳ್ಳುಸುಳ್ಳೇ ನೀಲಾ, ಬರೀ ಪರೀಕ್ಷೆ ಎಂದಳು. ನೀಲಾ ಆ ಕೈಯನ್ನು ಕೊಡವಿದಳು.

“ಅಣ್ಣ ಮನಿ ತಗೊಂಡ. ನೀ ನನ್ನ ಮಗಳನ್ನ ಪಣಕ್ಕಿಟ್ಟಿ.”

ನೀಲಾ ನಿಲ್ಲಲಿಲ್ಲ. ಎಷ್ಟೋ ತಿಂಗಳಿಂದ ಕೂಡಿಟ್ಟಿದ್ದ ಮಾತು ಒಮ್ಮೆಲೇ ಹೊರಬಿತ್ತು. “ಮದಲನೇ ಸಲ ನಿನ್ನ ಗಾಜು ಸುಮ್ನಿದ್ದಿದ್ರ ಮನಿ ಹೋಗತಿತ್ತು, ಅಷ್ಟ. ಅದು ಚಾಡಿ ಹೇಳ್ತು. ಚಾಡಿ ಹೇಳಿ ನನ್ನ ಅವರ ಕೈಯಾಗ ಬಿಟ್ಟು ನೀನೂ ಹೋದಿ, ಅದೂ ಹೋತು. ನಾ ಹೆಂಗಿದ್ದೆ ಅಂತ ಒಬ್ಬರರ ಕೇಳಿದ್ರೇನು?”

ಆಮೇಲೆ ಅವಳು ಎದ್ದು ಹೊರಟಳು. ಬಾಗಿಲಲ್ಲಿ ಯಾವ ಕಡೆ ಎಂದು ತಿಳಿಯದೆ ನಿಂತಾಗ ನಾಡಗೌಡರು ತಾವೇ ಎದ್ದು ಹೋಗಿ, ತಮ್ಮ ಜೀಪಿನಲ್ಲಿ ಅವಳನ್ನು ಮಗಳ ಶಾಲೆಯವರೆಗೆ ಕಳಿಸಿಕೊಟ್ಟರು.

ಇಲಾಖೆ ಹಕ್ಕು ಬಿಡುಗಡೆ ಪತ್ರಗಳಿಗೆ ಸಮ್ಮತಿ ಬಟನ್ ಬಳಸುವುದನ್ನು ನಿಲ್ಲಿಸಿತು. ಅದುವರೆಗೆ ಒತ್ತಿದವರು ಬೇಕಾದರೆ ಬಂದು, ಮನೆಯವರಾರೂ ಇಲ್ಲದ ಕೋಣೆಯಲ್ಲಿ ಅಧಿಕಾರಿಯ ಮುಂದೆ ಬಾಯಿಂದ ಹೇಳಿದರೆ ಪತ್ರ ರದ್ದಾಗುತ್ತದೆ ಎಂದು ಆದೇಶವಾಯಿತು. ಬಂದವರು ಬಹಳ ಮಂದಿಯಲ್ಲ. ಒತ್ತಿದವರಲ್ಲಿ ಹೆಚ್ಚಿನವರಿಗೆ ಬರುವ ಶಕ್ತಿ ಉಳಿದಿರಲಿಲ್ಲ. ನೀಲಾ ಬಂದಳು. ಮಹಾಂತೇಶ ಕಚೇರಿಯ ಮೆಟ್ಟಿಲವರೆಗೂ ಬೈಯುತ್ತ ಹಿಂಬಾಲಿಸಿದ, ಒಳಗೆ ಅವನನ್ನು ಬಿಡಲಿಲ್ಲ. ಕೋರ್ಟಿನಲ್ಲಿ ಪಾಲಾಗಿ ಹಿತ್ತಲ ಕಡೆಯ ಎರಡು ಕೋಣೆಗಳು ನೀಲಾಳಿಗೆ ಬಂದವು. ನಡುವಿನ ಬಾಗಿಲಿಗೆ ಮಹಾಂತೇಶ ಇಟ್ಟಂಗಿಯ ಗೋಡೆ ಕಟ್ಟಿಸಿದ. ಕಸ್ತೂರಿ ಗೋಡೆಯ ಆಚೆಯಿಂದ ದಿನಾ ನೀಲಾಳಿಗೆ ಕೇಳಿಸುವ ಹಾಗೆ ಏನಾದರೂ ಅನ್ನುತ್ತಿದ್ದಳು. ನೀಲಾ ಹೊಲಿಗೆ ಯಂತ್ರ ತಂದು ಬ್ಲೌಸು ಹೊಲಿಯತೊಡಗಿದಳು. ಯಂತ್ರದ ಸದ್ದಿನಲ್ಲಿ ಕಸ್ತೂರಿಯ ಮಾತು ಕೇಳುತ್ತಿರಲಿಲ್ಲ.

ದಾಕ್ಷಾಯಣಿಯ ನೌಕರಿ ಹೋಯಿತು. ಗೆರೆ ಕದ್ದು ನೋಡಿದ ಆರೋಪ ನಿಜವೇ ಆಗಿದ್ದರಿಂದ ಅವಳು ವಾದ ಮಾಡಲಿಲ್ಲ. ಕಟ್ಟಿ ಬಟನ್ನಿಗೆ ಬೇರೆ ಹೆಸರಿಟ್ಟು ಆಸ್ಪತ್ರೆಗಳಿಗೆ ಮಾರಲು ಓಡಾಡುತ್ತಿದ್ದಾನೆ ಎಂದು ಯಾರೋ ಹೇಳಿದರು. ಅವಳು ಆಸ್ಪತ್ರೆಗಳಿಗೆಲ್ಲ ಬರೆದಳು. ಒಂದೆರಡು ಕಡೆಯಿಂದ ಉತ್ತರ ಬಂತು. ನೀಲಾಳಿಗೆ ಎಷ್ಟೋ ಸಲ ಫೋನು ಮಾಡಿದಳು, ಅವಳು ಎತ್ತಲಿಲ್ಲ.

ಮರುವರ್ಷ ದೀಪಾವಳಿ ಆದ ಮೇಲೆ ಒಂದು ಸಂಜೆ ದಾಕ್ಷಾಯಣಿ ಹಿತ್ತಲ ಕಡೆಯ ಓಣಿಯಿಂದ ಆ ಮನೆಗೆ ಹೋದಳು. ಒಳಗೆ ಯಂತ್ರದ ಸದ್ದು ನಿಂತಿತು. ನೀಲಾ ಬಾಗಿಲು ತೆರೆದಳು. ಕುತ್ತಿಗೆಗೆ ಟೇಪು ಹಾಕಿಕೊಂಡಿದ್ದಳು, ಮೈ ಸ್ವಲ್ಪ ತುಂಬಿತ್ತು. ಅಕ್ಕನನ್ನು ನೋಡಿ ಮುಖದಲ್ಲಿ ಏನೂ ಬದಲಾಗಲಿಲ್ಲ. ಹೇಗಿದ್ದೀ ಎಂದು ದಾಕ್ಷಾಯಣಿ ಕೇಳಿದಳು. ಚಲೋ ಇದ್ದೇನೆ ಎಂದಳು. ವಚನಾ ಎಲ್ಲಿ ಎಂದರೆ ಟ್ಯೂಷನ್ನಿಗೆ ಹೋಗಿದ್ದಾಳೆ ಎಂದಳು.

“ಒಳಗ ಬರ್ಲೇನು?” ಎಂದಳು ದಾಕ್ಷಾಯಣಿ.

ನೀಲಾ ತಡಮಾಡಲಿಲ್ಲ. ಅಕ್ಕನ ಕಣ್ಣು ನೋಡಿಯೇ ಹೇಳಿದಳು. “ಬ್ಯಾಡ.”

ದಾಕ್ಷಾಯಣಿ ಇನ್ನೊಮ್ಮೆ ಕೇಳಲಿಲ್ಲ. ತಂಗಿ ಬಾಗಿಲು ಹಾಕಿಕೊಳ್ಳುವ ತನಕ ನಿಂತಿದ್ದು, ಬಂದ ಓಣಿಯಲ್ಲೇ ತಿರುಗಿ ಹೋದಳು.